ಪಕ್ಷದ ಕನ್ನಡಕದೊಳಗಿನ ಯುದ್ಧ

2002ರ ಅಕ್ಟೋಬರ್ 10ರಂದು ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಒಂದು ಮತದಾನ ನಡೆಯಿತು. ಇರಾಕಿನ ವಿರುದ್ಧ ಸೇನಾಬಲವನ್ನು ಪ್ರಯೋಗಿಸಲು ಅಧ್ಯಕ್ಷ ಜಾರ್ಜ್ ಬುಷ್ ಅವರಿಗೆ ಅಧಿಕಾರ ನೀಡುವ ನಿರ್ಣಯವದು. ಪರವಾಗಿ 296, ವಿರುದ್ಧವಾಗಿ 133 ಮತಗಳು ಬಿದ್ದವು. ಮರುದಿನ ಸೆನೆಟ್ ಸಭೆಯೂ 77ಕ್ಕೆ 23 ಮತಗಳಿಂದ ಅದೇ ನಿರ್ಣಯವನ್ನು ಅಂಗೀಕರಿಸಿತು. ಐದು ತಿಂಗಳ ತರುವಾಯ, 2003ರ ಮಾರ್ಚ್ 20ರ ಮುಂಜಾವದಲ್ಲಿ ಬಾಗ್ದಾದಿನ ಮೇಲೆ ಕ್ಷಿಪಣಿಗಳು ಎರಗಿದವು.

ಆಗ ನಾನು ದರ್ಸಿನ ಕೊನೆಯ ವರ್ಷಗಳಲ್ಲಿದ್ದ ವಿದ್ಯಾರ್ಥಿ. ಬಾಗ್ದಾದ್ ಎಂಬುದು ನಮ್ಮ ಪಾಲಿಗೆ ಭೂಪಟದ ಮೇಲಿನ ಒಂದು ಚುಕ್ಕೆಯಾಗಿರಲಿಲ್ಲ. ಅದು ಶೈಖ್ ಅಬ್ದುಲ್ ಖಾದಿರ್ ಜೀಲಾನಿಯವರು ವಿಶ್ರಮಿಸುತ್ತಿರುವ ನಗರ. ಇಮಾಮ್ ಅಬೂ ಹನೀಫರ ಸಮಾಧಿಯಿರುವ ನಗರ. ನಮ್ಮ ಇಮಾಮ್ ಶಾಫಿಈಯವರು ಪಾಠ ಹೇಳಿದ ನಗರ. ಆ ದಿನಗಳಲ್ಲಿ ನಾವು ಕೋಪದಿಂದ ಕುದಿಯುತ್ತಿದ್ದೆವು. ಕೋಪದಲ್ಲಿ ಅಂಕಿಗಳನ್ನು ನೋಡುವ ತಾಳ್ಮೆ ಎಲ್ಲಿಯದು? ಅಮೆರಿಕ ಎಂದರೆ ಒಂದೇ ಮುಖ, ಒಂದೇ ಧ್ವನಿ ಎಂದು ನಂಬಿದ್ದೆವು. ಬಹಳ ವರ್ಷಗಳ ಬಳಿಕ, ವಿದ್ಯಾರ್ಥಿಗಳಿಗೆ ‘ಶೂರಾ’ ಎಂಬ ವಿಷಯವನ್ನು ಬೋಧಿಸುವಾಗ, ಸಮಾಲೋಚನೆ ಹೇಗೆ ಕೆಡುತ್ತದೆ ಎಂಬುದಕ್ಕೆ ಉದಾಹರಣೆ ಹುಡುಕುತ್ತ ಆ ಮತದಾನದ ವಿವರಗಳನ್ನು ಓದಿದೆ. ಓದಿದಂತೆಲ್ಲ ನನ್ನ ಹಳೆಯ ಕೋಪದ ಜಾಗದಲ್ಲಿ ಮತ್ತೊಂದು ಬಗೆಯ ಕಳವಳ ಬಂದು ಕೂತಿತು.

ಅಂಕಿಗಳನ್ನು ಪಕ್ಷವಾರು ಬಿಡಿಸಿ ನೋಡಿರಿ. ಪ್ರತಿನಿಧಿ ಸಭೆಯಲ್ಲಿ ಬುಷ್ ಅವರ ಸ್ವಂತ ರಿಪಬ್ಲಿಕನ್ ಪಕ್ಷದ 215 ಮಂದಿ ಯುದ್ಧಾಧಿಕಾರದ ಪರ, ಕೇವಲ 6 ಮಂದಿ ವಿರುದ್ಧ. ಪ್ರತಿಪಕ್ಷವಾದ ಡೆಮಾಕ್ರಟಿಕ್ ಪಕ್ಷದಲ್ಲಿ 81 ಮಂದಿ ಪರ, 126 ಮಂದಿ ವಿರುದ್ಧ. ಸೆನೆಟ್‌ನಲ್ಲಿ 49 ರಿಪಬ್ಲಿಕನ್ನರ ಪೈಕಿ ವಿರುದ್ಧ ಮತ ಹಾಕಿದವರು ಲಿಂಕನ್ ಚಾಫಿ ಎಂಬ ಒಬ್ಬರೇ. ಇರಾಕಿನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳು ಇವೆಯೇ ಇಲ್ಲವೇ ಎಂಬುದು ಸತ್ಯಾಸತ್ಯದ ಪ್ರಶ್ನೆ. ಅದು ಇದ್ದರೆ ಎಲ್ಲರಿಗೂ ಇದೆ, ಇಲ್ಲದಿದ್ದರೆ ಯಾರಿಗೂ ಇಲ್ಲ. ಹಾಗಿರುವಾಗ ಸತ್ಯವು ಒಂದು ಪಕ್ಷದ ಪಡಸಾಲೆಯಲ್ಲಿ ನೂರಕ್ಕೆ ತೊಂಬತ್ತೇಳರಷ್ಟು ಮಂದಿಗೆ ಒಂದು ರೂಪದಲ್ಲಿಯೂ ಎದುರಿನ ಪಡಸಾಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದಕ್ಕೆ ವಿರುದ್ಧವಾದ ರೂಪದಲ್ಲಿಯೂ ಕಾಣಿಸಿಕೊಳ್ಳುವುದಾದರೂ ಹೇಗೆ? ಅಲ್ಲಿ ಕಣ್ಣುಗಳಿಗಿಂತ ಮೊದಲು ಕನ್ನಡಕಗಳು ಕೆಲಸ ಮಾಡಿದ್ದವು ಎಂದಲ್ಲದೆ ಬೇರೆ ಉತ್ತರ ನನಗೆ ಹೊಳೆಯುವುದಿಲ್ಲ.

ಅಮೆರಿಕದ ಸಂವಿಧಾನವನ್ನು ಬರೆದವರು ಈ ಅಪಾಯವನ್ನು ಊಹಿಸದೆ ಇರಲಿಲ್ಲ. ಯುದ್ಧವನ್ನು ಘೋಷಿಸುವ ಅಧಿಕಾರವನ್ನು ಅವರು ಕೊಟ್ಟದ್ದು ಶಾಸನಸಭೆಗೆ. ಅಧ್ಯಕ್ಷನಿಗೆ ಕೊಟ್ಟದ್ದು ಸೇನೆಯನ್ನು ನಡೆಸುವ ಅಧಿಕಾರ ಮಾತ್ರ. ಕತ್ತಿ ಹಿಡಿದವನೇ ಕತ್ತಿಯನ್ನು ಒರೆಯಿಂದ ಹಿರಿಯುವ ತೀರ್ಮಾನವನ್ನೂ ಮಾಡಬಾರದೆಂಬುದು ಅದರ ತಾತ್ಪರ್ಯ. ಆದರೆ ಆ ದೇಶ ವಿಧ್ಯುಕ್ತವಾಗಿ ಯುದ್ಧ ಘೋಷಿಸಿದ್ದು 1942ರಲ್ಲಿಯೇ ಕೊನೆ. ಕೊರಿಯಾ, ವಿಯೆಟ್ನಾಂ, ಇರಾಕ್, ಅಫ್ಘಾನಿಸ್ತಾನ — ಯಾವುದೂ ಘೋಷಿತ ಯುದ್ಧವಲ್ಲ. ವಿಯೆಟ್ನಾಮಿನ ಪಾಠದ ನಂತರ 1973ರಲ್ಲಿ ಅಧ್ಯಕ್ಷ ನಿಕ್ಸನ್ನರ ನಿಷೇಧಾಧಿಕಾರವನ್ನೂ ಮೀರಿ ಒಂದು ಕಾಯಿದೆ ಬಂತು: ಸೇನೆಯನ್ನು ಕಾಳಗಕ್ಕಿಳಿಸಿದರೆ 48 ಗಂಟೆಗಳೊಳಗೆ ಶಾಸನಸಭೆಗೆ ತಿಳಿಸಬೇಕು, ಸಭೆಯ ಅನುಮತಿ ಸಿಗದಿದ್ದರೆ 60 ದಿನಗಳ ಬಳಿಕ ಹಿಂದೆಗೆಯಬೇಕು. ಬೇಲಿ ಗಟ್ಟಿಯಾಗಿಯೇ ಇತ್ತು. ಬೇಲಿ ಕಾಯಬೇಕಾದವರು ಅಧ್ಯಕ್ಷ ನಮ್ಮ ಪಕ್ಷದವನೋ ಅಲ್ಲವೋ ಎಂದು ನೋಡಿ ಕಣ್ಣು ಮುಚ್ಚತೊಡಗಿದರು, ಅಷ್ಟೆ.

ಆ 81 ಡೆಮಾಕ್ರಟರ ಮನಃಸ್ಥಿತಿಯನ್ನು ನಾನು ಬಹಳ ಯೋಚಿಸಿದ್ದೇನೆ. ಸೆನೆಟ್‌ನಲ್ಲಿ ಅವರ ಪಕ್ಷದ 29 ಮಂದಿ ಪರವಾಗಿ ಮತ ಹಾಕಿದರು. ಹಿಲರಿ ಕ್ಲಿಂಟನ್, ಜಾನ್ ಕೆರಿ, ಜೋ ಬೈಡನ್ ಆ ಗುಂಪಿನಲ್ಲಿದ್ದರು. ಮತದಾನವಾದ ಮುಂದಿನ ತಿಂಗಳೇ ಚುನಾವಣೆ. ಹಿಂದಿನ ವರ್ಷದ ಸೆಪ್ಟೆಂಬರ್ 11ರ ಗಾಯ ಇನ್ನೂ ಹಸಿಯಾಗಿತ್ತು. ಅದಕ್ಕೂ ಹಿಂದೆ, 1991ರ ಜನವರಿಯಲ್ಲಿ ಕುವೈತಿನ ವಿಷಯದಲ್ಲಿ ಇಂತಹುದೇ ಮತದಾನ ನಡೆದಾಗ ಸೆನೆಟ್‌ನಲ್ಲಿ ಅದು 52ಕ್ಕೆ 47 ಎಂಬ ಕೂದಲೆಳೆಯ ಅಂತರದಿಂದ ಗೆದ್ದಿತ್ತು. ಬಹುಪಾಲು ಡೆಮಾಕ್ರಟರು ವಿರೋಧಿಸಿದ್ದರು. ಆ ಯುದ್ಧ ಬೇಗನೆ ಮುಗಿದು ಗೆಲುವಿನ ಮೆರವಣಿಗೆಗಳು ಹೊರಟಾಗ, ವಿರೋಧಿಸಿದವರಿಗೆ ಹೇಡಿಗಳೆಂಬ ಹಣೆಪಟ್ಟಿ ಅಂಟಿಕೊಂಡಿತು. ಹನ್ನೊಂದು ವರ್ಷಗಳ ನಂತರ ಆ ಹಣೆಪಟ್ಟಿಯ ಭಯವೂ ಸಭೆಯೊಳಗೆ ಒಂದು ಸದಸ್ಯನಂತೆ ಕುಳಿತಿತ್ತು. ಪರವಾಗಿ ಮತ ಹಾಕಿದವರಲ್ಲಿ ಪ್ರಾಮಾಣಿಕವಾಗಿ ನಂಬಿದವರೂ ಇದ್ದಿರಬಹುದು. ಎದೆಯೊಳಗಿರುವುದನ್ನು ಬಲ್ಲವನು ಅಲ್ಲಾಹನೊಬ್ಬನೇ. ಆದರೆ ಒಂದು ಸಂಗತಿ ಎದೆಯೊಳಗಿನದಲ್ಲ, ಹೊರಗಿನದು. ಮತದಾನಕ್ಕೆ ಕೆಲವು ದಿನಗಳ ಮುಂಚೆ ಗುಪ್ತಚರ ಇಲಾಖೆಗಳ ಸುಮಾರು ತೊಂಬತ್ತು ಪುಟಗಳ ವರದಿಯೊಂದನ್ನು ಸದಸ್ಯರು ಓದಲೆಂದು ಇಡಲಾಗಿತ್ತು. ಅದರಲ್ಲಿ ಸಂಶಯದ ಟಿಪ್ಪಣಿಗಳೂ ಇದ್ದವು. ಅದನ್ನು ಪೂರ್ತಿಯಾಗಿ ಓದಿದವರು ಬೆರಳೆಣಿಕೆಯಷ್ಟು ಮಂದಿ ಎಂದು ಅನಂತರ ಪತ್ರಿಕೆಗಳು ಬರೆದವು. ಓದಿದವರಲ್ಲಿ ಒಬ್ಬರು ಫ್ಲಾರಿಡಾದ ಬಾಬ್ ಗ್ರಹಾಂ. ಅವರು ವಿರುದ್ಧವಾಗಿ ಮತ ಹಾಕಿದರು.

ಸುದ್ದಿ ತಂದವನ ಮಾತನ್ನು ಪರಿಶೀಲಿಸಿ ನೋಡಿರಿ, ಇಲ್ಲವಾದರೆ ಅರಿಯದೆ ಒಂದು ಜನಾಂಗಕ್ಕೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡುವಿರಿ ಎಂಬ ಆಶಯದ ಆಜ್ಞೆ ಸೂರಃ ಅಲ್‌ಹುಜುರಾತ್‌ನ ಆರನೆಯ ವಚನದಲ್ಲಿದೆ. ನಮ್ಮ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ನಾವು ಸಾಮಾನ್ಯವಾಗಿ ಆ ವಚನವನ್ನು ಊರಿನ ಗಾಳಿಮಾತು, ಮೊಬೈಲಿನಲ್ಲಿ ಹರಿದಾಡುವ ಸುಳ್ಳು ಸುದ್ದಿಗಳಿಗೆ ಅನ್ವಯಿಸಿ ವಿವರಿಸುತ್ತೇವೆ. ಆದರೆ ಆ ವಚನ ಇಳಿದ ಹಿನ್ನೆಲೆಯಾಗಿ ವ್ಯಾಖ್ಯಾನಕಾರರು ಹೇಳುವುದು ಒಂದು ಸೇನಾಕಾರ್ಯಾಚರಣೆ ಕೊಂಚದರಲ್ಲಿ ತಪ್ಪಿದ ಪ್ರಸಂಗವನ್ನು. ಬನೂ ಮುಸ್ತಲಿಖ್ ಗೋತ್ರದವರು ಝಕಾತ್ ಕೊಡಲು ನಿರಾಕರಿಸಿದ್ದಾರೆ, ದಾಳಿಗೆ ಸಿದ್ಧರಾಗಿದ್ದಾರೆ ಎಂಬ ಸುಳ್ಳು ವರದಿ ಮದೀನಕ್ಕೆ ತಲುಪಿತ್ತು. ಪರಿಶೀಲಿಸಿದಾಗ ಅವರು ಝಕಾತನ್ನು ಸಿದ್ಧಪಡಿಸಿಕೊಂಡು ಕಾಯುತ್ತಿದ್ದರೆಂದು ತಿಳಿಯಿತು. ಅಂದರೆ ಆ ವಚನದ ಮೊದಲ ಪಾಠ ಯುದ್ಧದ ಬಗ್ಗೆಯೇ ಇದೆ.

ಇರಾಕಿನಲ್ಲಿ ಪರಿಶೀಲನೆಗೆ ಅವಕಾಶವಿರಲಿಲ್ಲ ಎನ್ನುವಂತಿರಲಿಲ್ಲ. 2002ರ ನವೆಂಬರಿನಲ್ಲಿ ಹಾನ್ಸ್ ಬ್ಲಿಕ್ಸ್ ಅವರ ನೇತೃತ್ವದಲ್ಲಿ ವಿಶ್ವಸಂಸ್ಥೆಯ ತಪಾಸಣೆಗಾರರು ಮರಳಿ ಇರಾಕಿಗೆ ಹೋದರು. ಕೆಲಸ ಮುಗಿಯಲು ಇನ್ನೂ ಕೆಲವು ತಿಂಗಳುಗಳು ಬೇಕು ಎಂದರು. ಆ ತಿಂಗಳುಗಳನ್ನು ಅವರಿಗೆ ಕೊಡಲಿಲ್ಲ. ಯುದ್ಧವಾದ ಮೇಲೆ ಅಮೆರಿಕವೇ ನೇಮಿಸಿದ ತಂಡವು ದೇಶವನ್ನೆಲ್ಲ ಜಾಲಾಡಿ 2004ರಲ್ಲಿ ವರದಿ ಕೊಟ್ಟಿತು: ಅಂತಹ ಅಸ್ತ್ರಗಳ ದಾಸ್ತಾನು ಅಲ್ಲಿ ಇರಲಿಲ್ಲ. ಆ ಹೊತ್ತಿಗೆ ಎಷ್ಟು ಮನೆಗಳ ದೀಪ ಆರಿತ್ತು! ನಾಗರಿಕರ ಸಾವುಗಳನ್ನು ಒಂದೊಂದಾಗಿ ದಾಖಲಿಸುತ್ತ ಬಂದ ‘ಇರಾಕ್ ಬಾಡಿ ಕೌಂಟ್’ ಎಂಬ ಸಂಸ್ಥೆಯ ಪಟ್ಟಿಯಲ್ಲಿಯೇ ಇಂದು 1,80,000ಕ್ಕೂ ಮಿಕ್ಕಿದ ಸಾವುಗಳಿವೆ. ಅಮೆರಿಕದ ಕಡೆಯಿಂದಲೂ ಸುಮಾರು 4,500 ಸೈನಿಕರು ಸತ್ತರು. ಅವರೂ ಯಾರದೋ ಮಕ್ಕಳು.

ಇಲ್ಲಿ ಒಬ್ಬ ಓದುಗರು ಹೇಳಬಹುದು: ಹಾಗಾದರೆ ರಿಪಬ್ಲಿಕನ್ನರು ಯುದ್ಧಪ್ರಿಯರು, ಡೆಮಾಕ್ರಟರು ಶಾಂತಿಪ್ರಿಯರು ಎಂದಾಯಿತಲ್ಲ? ಅದೂ ಅಲ್ಲ. ವಿಷಯ ಇನ್ನೂ ಕಹಿಯಾಗಿದೆ. 1999ರಲ್ಲಿ ಡೆಮಾಕ್ರಟಿಕ್ ಅಧ್ಯಕ್ಷ ಕ್ಲಿಂಟನ್ ಕೊಸೊವೊ ವಿಷಯವಾಗಿ ಯುಗೊಸ್ಲಾವಿಯಾದ ಮೇಲೆ ಬಾಂಬು ಹಾಕಿಸಿದಾಗ ಬಹುಪಾಲು ರಿಪಬ್ಲಿಕನ್ನರು ವಿರೋಧಿಸಿದರು, ಬಹುಪಾಲು ಡೆಮಾಕ್ರಟರು ಬೆಂಬಲಿಸಿದರು. ಪ್ರತಿನಿಧಿ ಸಭೆಯಲ್ಲಿ ಮತಗಳು 213ಕ್ಕೆ 213 ಸಮನಾಗಿ, ನಿರ್ಣಯ ಬಿದ್ದುಹೋಯಿತು. ಬಾಂಬುಗಳು ಮಾತ್ರ ನಿಲ್ಲಲಿಲ್ಲ. 2011ರಲ್ಲಿ ಒಬಾಮಾ ಲಿಬಿಯಾದ ಮೇಲೆ ವೈಮಾನಿಕ ದಾಳಿ ಆರಂಭಿಸಿದರು. 2002ರಲ್ಲಿ ಶಿಕಾಗೋದ ಸಭೆಯಲ್ಲಿ ನಿಂತು ಇರಾಕ್ ಯುದ್ಧವನ್ನು ಖಂಡಿಸಿದ್ದ ಅದೇ ಒಬಾಮಾ. 60 ದಿನಗಳು ಕಳೆದವು. ಇದು 1973ರ ಕಾಯಿದೆ ಹೇಳುವಂತಹ ‘ಕಾಳಗ’ವೇ ಅಲ್ಲ ಎಂದು ಅವರ ಸರಕಾರ ವಾದಿಸಿತು. ಆಕಾಶದಿಂದ ಬಾಂಬು ಬೀಳುತ್ತಿದ್ದರೂ ಅದು ಕಾಳಗವಲ್ಲವೆಂದರೆ ಕೆಳಗಿದ್ದವರಿಗೆ ಅದು ಏನು? ಬುಷ್ ಅವರ ಕಾಲದಲ್ಲಿ ಸಂವಿಧಾನವನ್ನು ಕೈಯಲ್ಲಿ ಹಿಡಿದು ಮಾತನಾಡುತ್ತಿದ್ದ ಅನೇಕರು ಆಗ ತಣ್ಣಗಿದ್ದರು. ಬುಷ್ ಅವರ ಕಾಲದಲ್ಲಿ ತಣ್ಣಗಿದ್ದ ಅನೇಕರು ಆಗ ಸಂವಿಧಾನವನ್ನು ಕೈಗೆತ್ತಿಕೊಂಡರು.

ಜನಸಾಮಾನ್ಯರಾದರೂ ಇದರಿಂದ ಹೊರತಾಗಿದ್ದರೇ? 2013ರಲ್ಲಿ ಸಿರಿಯಾದ ಮೇಲೆ ಕ್ಷಿಪಣಿ ದಾಳಿ ನಡೆಸುವ ವಿಚಾರವನ್ನು ಒಬಾಮಾ ಮುಂದಿಟ್ಟಾಗ ನಡೆದ ಒಂದು ಸಮೀಕ್ಷೆಯಲ್ಲಿ ರಿಪಬ್ಲಿಕನ್ ಬೆಂಬಲಿಗರ ಪೈಕಿ ಶೇಕಡ 22 ಮಂದಿ ಒಪ್ಪಿದ್ದರು. 2017ರ ಏಪ್ರಿಲ್‌ನಲ್ಲಿ ಟ್ರಂಪ್ ಅದೇ ಸಿರಿಯಾದ ಮೇಲೆ, ಅದೇ ವಿಷಾನಿಲದ ಕಾರಣ ಕೊಟ್ಟು 59 ಕ್ಷಿಪಣಿಗಳನ್ನು ಹಾರಿಸಿದಾಗ ಅದೇ ಪಕ್ಷದ ಬೆಂಬಲಿಗರಲ್ಲಿ ಒಪ್ಪಿದವರು ಶೇಕಡ 86. ದೇಶ ಬದಲಾಗಲಿಲ್ಲ, ಕಾರಣ ಬದಲಾಗಲಿಲ್ಲ, ಸಾಯುವವರು ಬದಲಾಗಲಿಲ್ಲ. ಆಜ್ಞೆಗೆ ಸಹಿ ಹಾಕುವ ಕೈ ಬದಲಾಯಿತು.

ಇದು ಇತ್ತೀಚಿನ ರೋಗವೂ ಅಲ್ಲ. 1846ರಲ್ಲಿ ಅಧ್ಯಕ್ಷ ಪೋಕ್ ಮೆಕ್ಸಿಕೊ ವಿರುದ್ಧ ಯುದ್ಧ ಹೂಡಿದಾಗ ವಿಗ್ ಎಂಬ ಪ್ರತಿಪಕ್ಷದವರು ಗೊಣಗುತ್ತಲೇ ಇದ್ದರು. 1848ರ ಜನವರಿಯಲ್ಲಿ, ಅಧ್ಯಕ್ಷರು ಅನಗತ್ಯವಾಗಿಯೂ ಸಂವಿಧಾನಬಾಹಿರವಾಗಿಯೂ ಯುದ್ಧ ಆರಂಭಿಸಿದರೆಂದು ಪ್ರತಿನಿಧಿ ಸಭೆ 85ಕ್ಕೆ 81 ಮತಗಳಿಂದ ತೀರ್ಮಾನಿಸಿತು. ಹಾಗೆ ಮತ ಹಾಕಿದವರಲ್ಲಿ ಇಲಿನಾಯಿಯಿಂದ ಹೊಸದಾಗಿ ಬಂದಿದ್ದ ಅಬ್ರಹಾಂ ಲಿಂಕನ್ ಕೂಡ ಒಬ್ಬರು. ಅಮೆರಿಕದ ರಕ್ತ ಚೆಲ್ಲಿದ ಆ ಸ್ಥಳ ಯಾವುದು, ಅದು ನಿಜವಾಗಿ ನಮ್ಮ ನೆಲವೇ ಎಂದು ಅವರು ಅಧ್ಯಕ್ಷರನ್ನು ಕೇಳಿದ್ದರು. ಇದಕ್ಕಾಗಿ ಊರಿನಲ್ಲಿ ಲೇವಡಿಗೆ ಗುರಿಯಾದರು. ಪಕ್ಷದ ಕಾರಣಕ್ಕೆ ಕೇಳಿದ ಪ್ರಶ್ನೆಯೂ ಕೆಲವೊಮ್ಮೆ ಸರಿಯಾದ ಪ್ರಶ್ನೆಯಾಗಿರುತ್ತದೆ. ಪ್ರತಿಪಕ್ಷವಿರುವುದು ಕೆಡುಕಲ್ಲ, ನನ್ನ ದೂರು ಅದರ ಬಗ್ಗೆ ಅಲ್ಲ. ಅಧ್ಯಕ್ಷ ನಮ್ಮವನಾದ ಕೂಡಲೇ ಅದೇ ಪ್ರಶ್ನೆಯನ್ನು ನುಂಗಿಕೊಳ್ಳುವುದರ ಬಗ್ಗೆ.

ನಮ್ಮ ಸಂಸತ್ತಿನಲ್ಲಿಯೂ ಆಗ ಒಂದು ಸ್ವಾರಸ್ಯಕರ ಪ್ರಸಂಗ ನಡೆಯಿತು. 2003ರ ಏಪ್ರಿಲ್‌ನಲ್ಲಿ ಇರಾಕ್ ಯುದ್ಧದ ವಿರುದ್ಧ ನಿರ್ಣಯ ಮಾಡುವಾಗ ‘ಖಂಡಿಸುತ್ತೇವೆ’ ಎನ್ನಬೇಕೋ ‘ವಿಷಾದಿಸುತ್ತೇವೆ’ ಎನ್ನಬೇಕೋ ಎಂದು ಆಡಳಿತ ಪಕ್ಷಕ್ಕೂ ಪ್ರತಿಪಕ್ಷಗಳಿಗೂ ಜಗ್ಗಾಟವಾಯಿತು. ಕೊನೆಗೆ ಹಿಂದಿಯಲ್ಲಿ ‘ನಿಂದಾ’ ಎಂಬ ಶಬ್ದವನ್ನು ಬಳಸಿ ಎಲ್ಲರೂ ಒಪ್ಪಿದರು. ಅದರ ಇಂಗ್ಲಿಷ್ ಅರ್ಥವನ್ನು ಅವರವರಿಗೆ ಬೇಕಾದಂತೆ ಮಾಡಿಕೊಂಡರು. ಕನ್ನಡ ಬಿಎ ಓದಿದ ನನಗೆ ಶಬ್ದಾರ್ಥದ ಈ ಚಾತುರ್ಯ ನಗು ತರಿಸುತ್ತದೆ. ಆದರೂ ಹೇಳಬೇಕು: ಅದೇ ವರ್ಷ ಜುಲೈಯಲ್ಲಿ, ಅಮೆರಿಕದ ಕೋರಿಕೆಯ ಒತ್ತಡವಿದ್ದರೂ, ವಾಜಪೇಯಿ ಸರಕಾರ ಇರಾಕಿಗೆ ಭಾರತದ ಸೈನಿಕರನ್ನು ಕಳುಹಿಸಲಿಲ್ಲ. ಆ ಸರಕಾರದ ಅನೇಕ ನೀತಿಗಳನ್ನು ಒಪ್ಪದ ನಾವು ಇದನ್ನು ಮೆಚ್ಚಿ ಆಡಿದ್ದು ಕಡಿಮೆ. ಅದೂ ಒಂದು ಕನ್ನಡಕವೇ.

ಆ ಸಭೆಗಳಲ್ಲಿ ಕನ್ನಡಕ ತೆಗೆದಿಟ್ಟವರೂ ಕೆಲವರಿದ್ದರು. 2001ರ ಸೆಪ್ಟೆಂಬರ್ 14ರಂದು, ಗೋಪುರಗಳು ಕುಸಿದು ಮೂರೇ ದಿನಗಳಾಗಿದ್ದಾಗ, ಅಧ್ಯಕ್ಷನಿಗೆ ಮೇರೆಯಿಲ್ಲದ ಯುದ್ಧಾಧಿಕಾರ ಕೊಡುವ ನಿರ್ಣಯಕ್ಕೆ ಪ್ರತಿನಿಧಿ ಸಭೆಯಲ್ಲಿ 420 ಮಂದಿ ಹೌದೆಂದರು. ಇಲ್ಲವೆಂದವರು ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಒಬ್ಬರೇ. ಅವರಿಗೆ ಕೊಲೆಬೆದರಿಕೆಗಳು ಬಂದು ಪೊಲೀಸು ಕಾವಲು ಬೇಕಾಯಿತು. ಆಕೆ ವಿರೋಧಿಸಿದ್ದು ಎದುರುಪಕ್ಷದ ಅಧ್ಯಕ್ಷನನ್ನು ಎಂದು ನೀವು ಹೇಳಬಹುದು. ಆದರೆ ಆಕೆಯ ಸ್ವಂತ ಪಕ್ಷದ ಉಳಿದವರಾರೂ ಅಂದು ಜೊತೆಗೆ ನಿಲ್ಲಲಿಲ್ಲ. ಹತ್ತು ವರ್ಷಗಳ ಅನಂತರ ಸ್ವಂತ ಪಕ್ಷದ ಒಬಾಮಾ ಅಧ್ಯಕ್ಷರಾಗಿದ್ದಾಗಲೂ ಆ ಅಧಿಕಾರಪತ್ರವನ್ನು ರದ್ದುಪಡಿಸಬೇಕೆಂದು ಆಕೆ ಬೇಡುತ್ತಲೇ ಇದ್ದರು.

ನನ್ನ ಮನಸ್ಸನ್ನು ಹೆಚ್ಚು ಕಲಕಿದ ವ್ಯಕ್ತಿ ಮಾತ್ರ ಬೇರೆ. ನಾರ್ತ್ ಕೆರೊಲಿನಾದ ರಿಪಬ್ಲಿಕನ್ ಸದಸ್ಯ ವಾಲ್ಟರ್ ಜೋನ್ಸ್. ದೊಡ್ಡ ಮರೀನ್ ದಳದ ಶಿಬಿರವೊಂದು ಅವರ ಕ್ಷೇತ್ರದಲ್ಲಿತ್ತು. 2002ರಲ್ಲಿ ಯುದ್ಧದ ಪರ ಮತ ಹಾಕಿದರು. ಫ್ರಾನ್ಸ್ ದೇಶ ಯುದ್ಧವನ್ನು ವಿರೋಧಿಸಿತೆಂಬ ಸಿಟ್ಟಿಗೆ, ಸಂಸತ್ತಿನ ಉಪಾಹಾರಗೃಹದಲ್ಲಿ ‘ಫ್ರೆಂಚ್ ಫ್ರೈಸ್’ ಎಂಬ ಆಲೂಗಡ್ಡೆಯ ತಿಂಡಿಯ ಹೆಸರನ್ನು ‘ಫ್ರೀಡಂ ಫ್ರೈಸ್’ ಎಂದು ಬದಲಿಸಲು ಮುಂದಾದವರಲ್ಲಿ ಇವರೂ ಒಬ್ಬರು. ಪಕ್ಷಾಭಿಮಾನ ಎಷ್ಟು ಚಿಕ್ಕದಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. 2003ರಲ್ಲಿ ತಮ್ಮ ಕ್ಷೇತ್ರದ ಒಬ್ಬ ಮಡಿದ ಸೈನಿಕನ ಅಂತ್ಯಕ್ರಿಯೆಗೆ ಹೋದರು. ಅಲ್ಲಿ ಹೆಂಡತಿ, ಚಿಕ್ಕ ಮಕ್ಕಳು. ಹಿಂತಿರುಗುವಾಗ ಅವರ ಮನಸ್ಸು ಒಡೆಯಿತು. ಆ ಬಳಿಕ ಸತ್ತ ಸೈನಿಕರ ಕುಟುಂಬಗಳಿಗೆ ಕಾಗದ ಬರೆಯತೊಡಗಿದರು. 2019ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಹಾಗೆ ಬರೆದ, ಸಹಿ ಹಾಕಿದ ಕಾಗದಗಳು 11,000ವನ್ನು ಮೀರಿದ್ದವು. ತಾನು ಸರಿಯಾಗಿ ವಿಚಾರಿಸದೆ ಹಾಕಿದ ಮತಕ್ಕೆ ಇದು ಪ್ರಾಯಶ್ಚಿತ್ತ ಎಂದು ಅವರು ಬಹಿರಂಗವಾಗಿಯೇ ಹೇಳಿಕೊಂಡರು. ಅವರ ಪಕ್ಷ ಅವರನ್ನು ಮೂಲೆಗೊತ್ತಿತು. ತೌಬಾದ ಷರತ್ತುಗಳನ್ನು ಮಕ್ಕಳಿಗೆ ಕಲಿಸುವಾಗ — ತಪ್ಪನ್ನು ಬಿಡುವುದು, ಮರುಗುವುದು, ಮತ್ತೆ ಮಾಡೆನೆಂದು ನಿಶ್ಚಯಿಸುವುದು, ಅನ್ಯರ ಹಕ್ಕಿದ್ದರೆ ತೀರಿಸುವುದು — ಈ ಕ್ರೈಸ್ತ ಮನುಷ್ಯ ನನಗೆ ನೆನಪಾಗುತ್ತಾರೆ. ನಾಲ್ಕನೆಯ ಷರತ್ತಿನಲ್ಲಿ ಅವರ ಲೆಕ್ಕ ಅಪೂರ್ಣ. ಅವರ ಕಾಗದಗಳು ಅಮೆರಿಕದ ಮನೆಗಳಿಗೆ ಹೋದವು, ಬಾಗ್ದಾದಿನ ಮನೆಗಳಿಗಲ್ಲ.

ಸಮಾಲೋಚಿಸಿದ ಮಾತ್ರಕ್ಕೆ ತೀರ್ಮಾನ ಸರಿಯಾಗುತ್ತದೆಯೇ ಎಂದರೆ, ಇಲ್ಲ. ಉಹುದ್‌ನ ದಿನ ಪ್ರವಾದಿ(ಸ)ಯವರ ಒಲವು ಮದೀನದೊಳಗೇ ಇದ್ದು ಎದುರಿಸುವ ಕಡೆಗಿತ್ತು. ಬದ್ರ್‌ನಲ್ಲಿ ಪಾಲ್ಗೊಳ್ಳಲಾಗದ ತರುಣರು ಹೊರಗೆ ಹೋಗಿ ಕಾದಬೇಕೆಂದು ಒತ್ತಾಯಿಸಿದರು. ಪ್ರವಾದಿ(ಸ)ಯವರು ಅವರ ಮಾತಿಗೆ ಒಪ್ಪಿ ಕವಚ ತೊಟ್ಟರು. ಅಂದು ಹಂಝಾ(ರ) ಸಹಿತ ಸುಮಾರು 70 ಸಹಾಬಿಗಳು ಹುತಾತ್ಮರಾದರು. ಇಂತಹ ಏಟಿನ ಬಳಿಕ ಯಾವ ನಾಯಕನಾದರೂ ಇನ್ನು ಯಾರನ್ನೂ ಕೇಳುವುದಿಲ್ಲ ಎಂದು ನಿಶ್ಚಯಿಸಿಯಾನು. ಆದರೆ ಉಹುದ್‌ನ ತರುವಾಯ ಇಳಿದ ಆಲಿ ಇಮ್ರಾನ್‌ನ 159ನೆಯ ವಚನ ಅವರನ್ನು ಕ್ಷಮಿಸಲೂ ಅವರೊಂದಿಗೆ ಸಮಾಲೋಚಿಸಲೂ ಆದೇಶಿಸುತ್ತದೆ. ಶೂರಾ ಸೋತಾಗಲೂ ಶೂರಾ ರದ್ದಾಗಲಿಲ್ಲ. ಆದರೆ ಗಮನಿಸಿರಿ, ಆ ತರುಣರು ತಮಗೆ ಸರಿಯೆಂದು ಕಂಡದ್ದನ್ನು ಹೇಳಿದರು. ಪ್ರವಾದಿಯವರಿಗೆ ಯಾವುದು ಇಷ್ಟ ಎಂದು ನೋಡಿ ಹೇಳಲಿಲ್ಲ. ವಾಷಿಂಗ್ಟನ್ನಿನ ಸಭೆಯಲ್ಲಿ ಇಲ್ಲದೆ ಹೋದದ್ದು ಅದು.

ಇನ್ನೊಂದು ಪ್ರಸಂಗ. ಮಕ್ಕಾ ವಿಜಯದ ಬಳಿಕ ಖಾಲಿದ್ ಬಿನ್ ವಲೀದ್(ರ)ರನ್ನು ಬನೂ ಜದೀಮಾ ಗೋತ್ರದ ಬಳಿಗೆ ಕಳುಹಿಸಲಾಯಿತು. ಆ ಜನರು ಇಸ್ಲಾಮನ್ನು ಸ್ವೀಕರಿಸಿದೆವೆಂದು ಹೇಳಬೇಕಾದ ಶಬ್ದವನ್ನು ಸರಿಯಾಗಿ ಹೇಳಲಿಲ್ಲ. ಖಾಲಿದ್ ಅವರಲ್ಲಿ ಹಲವರನ್ನು ಕೊಂದರು. ಸುದ್ದಿ ತಲುಪಿದಾಗ ಪ್ರವಾದಿ(ಸ)ಯವರು ಕೈಗಳನ್ನೆತ್ತಿ, ಖಾಲಿದ್ ಮಾಡಿದ್ದರಿಂದ ತಾನು ಮುಕ್ತನೆಂದು ಎರಡು ಬಾರಿ ಅಲ್ಲಾಹನ ಮುಂದೆ ಹೇಳಿಕೊಂಡರು. ಬಳಿಕ ಅಲೀ(ರ)ಯವರ ಕೈಯಲ್ಲಿ ಹಣ ಕೊಟ್ಟು ಕಳುಹಿಸಿದರು. ಅವರು ಪ್ರತಿಯೊಂದು ಜೀವಕ್ಕೂ ರಕ್ತಪರಿಹಾರ ಕೊಟ್ಟರು. ಹಾಳಾದ ಸೊತ್ತಿಗೆಲ್ಲ, ನಾಯಿ ನೀರು ಕುಡಿಯುವ ಮರದ ಪಾತ್ರೆಗೂ ಬೆಲೆ ಕಟ್ಟಿ ಕೊಟ್ಟರು ಎಂದು ಚರಿತ್ರೆಕಾರರು ಬರೆದಿದ್ದಾರೆ. ಮಿಕ್ಕ ಹಣವನ್ನೂ, ಲೆಕ್ಕಕ್ಕೆ ಸಿಗದೆ ಉಳಿದಿರಬಹುದಾದ ನಷ್ಟಕ್ಕೆಂದು ಅವರಿಗೇ ಬಿಟ್ಟು ಬಂದರು. ಕೊಂದದ್ದು ಸ್ವಂತ ಸೇನಾಪತಿ, ಅದೂ ಖಾಲಿದ್‌ರಂತಹ ಸೇನಾಪತಿ. ನಮ್ಮವನು ಎಂಬ ಕಾರಣಕ್ಕೆ ಒಂದು ಮಾತನ್ನೂ ಮರೆಮಾಚಲಿಲ್ಲ.

ಈಗ ನಮ್ಮ ಕಡೆ ತಿರುಗೋಣ. ಅಮೆರಿಕದವರ ಕನ್ನಡಕವನ್ನು ಇಷ್ಟು ಹೊತ್ತು ಒರೆಸಿ ನೋಡಿದ ಮೇಲೆ ನಮ್ಮದನ್ನು ಮೂಗಿನ ಮೇಲೇ ಬಿಡುವುದು ನ್ಯಾಯವಲ್ಲ.

2015ರ ಮಾರ್ಚ್‌ನಲ್ಲಿ ಸೌದಿ ನೇತೃತ್ವದ ಮೈತ್ರಿಕೂಟ ಯೆಮನ್ ಮೇಲೆ ಬಾಂಬುದಾಳಿ ಆರಂಭಿಸಿತು. 2018ರ ಆಗಸ್ಟ್ 9ರಂದು ಸಅದಾ ಪ್ರಾಂತದಲ್ಲಿ ಮಕ್ಕಳಿದ್ದ ಬಸ್ಸಿನ ಮೇಲೆ ಬಾಂಬು ಬಿದ್ದು 40 ಮಕ್ಕಳು ಸತ್ತರು. ಬಾಂಬು ಅಮೆರಿಕದ್ದು, ವಿಮಾನ ಹಾರಿಸಿದ್ದು ನಮ್ಮವರು. ಮುಂದಿನ ವರ್ಷ ಅಮೆರಿಕದ ಸೆನೆಟ್ ಈ ಯುದ್ಧಕ್ಕೆ ತಮ್ಮ ದೇಶದ ಬೆಂಬಲ ನಿಲ್ಲಬೇಕೆಂದು 54ಕ್ಕೆ 46 ಮತಗಳಿಂದ ನಿರ್ಣಯಿಸಿತು. ಟ್ರಂಪ್ ಅವರ ಸ್ವಂತ ಪಕ್ಷದ ಏಳು ಮಂದಿ ಅವರ ವಿರುದ್ಧ ನಿಂತರು. ಟ್ರಂಪ್ ನಿಷೇಧಾಧಿಕಾರ ಬಳಸಿ ಅದನ್ನು ತಳ್ಳಿಹಾಕಿದರು. ಆ ಏಳು ಮಂದಿ ತಮ್ಮ ಅಧ್ಯಕ್ಷನಿಗೆ ಇಲ್ಲವೆಂದಾಗ ನಮ್ಮ ಎಷ್ಟು ಮಿಂಬರುಗಳಲ್ಲಿ ಯೆಮನಿನ ಮಕ್ಕಳಿಗಾಗಿ ಪ್ರಾರ್ಥನೆ ನಡೆಯಿತು? ಹರಮೈನ್‌ಗಳ ನಾಡಿನ ಸರಕಾರ ಎಂಬ ಗೌರವ ಒಂದೆಡೆ, ನಮ್ಮ ಅರ್ಧ ಮನೆಗಳ ಒಲೆ ಉರಿಯುವುದು ಅಲ್ಲಿಯ ಸಂಬಳದಿಂದ ಎಂಬ ವಾಸ್ತವ ಇನ್ನೊಂದೆಡೆ. ಸತ್ತವರು ಯಾವ ಪಂಗಡದವರು ಎಂದು ಕೇಳಿ ತಿಳಿದುಕೊಂಡ ಮೇಲೆಯೇ ಅಳಲು ತೀರ್ಮಾನಿಸಿದವರೂ ಇದ್ದರು. ನಾನೂ ಆಗ ಖುತ್ಬಾಗಳಲ್ಲಿ ಆ ವಿಷಯ ಎತ್ತಲಿಲ್ಲ. ತನ್ನ ಜನರನ್ನು ಪ್ರೀತಿಸುವುದು ಅಸಬಿಯ್ಯತ್ತೇ ಎಂದು ಪ್ರವಾದಿ(ಸ)ಯವರನ್ನು ಕೇಳಿದಾಗ ಅವರು ಅಲ್ಲವೆಂದೂ, ಅನ್ಯಾಯದಲ್ಲಿ ತನ್ನ ಜನರಿಗೆ ನೆರವಾಗುವುದೇ ಅಸಬಿಯ್ಯತ್ತೆಂದೂ ವಿವರಿಸಿದ ವರದಿಯನ್ನು ಓದಿಸುವ ಉಸ್ತಾದನೇ ನಾನು.

ಇದಕ್ಕಿಂತ ಹಳೆಯದೊಂದಿದೆ. 1990ರ ಆಗಸ್ಟ್ 2ರಂದು ಸದ್ದಾಂ ಹುಸೇನ್ ಕುವೈತನ್ನು ಆಕ್ರಮಿಸಿದಾಗ ನನಗೆ ಹತ್ತು ವರ್ಷ. ಅದಕ್ಕೆ ಮುಂಚೆ 1980ರಲ್ಲಿ ಅವರು ಇರಾನಿನ ಮೇಲೆ ಯುದ್ಧ ಹೂಡಿದ್ದರು, ಎಂಟು ವರ್ಷ ನಡೆದ ಆ ಯುದ್ಧದ ಕೊನೆಯಲ್ಲಿ, 1988ರ ಮಾರ್ಚ್‌ನಲ್ಲಿ ಹಲಬ್ಜಾ ಎಂಬ ಊರಿನಲ್ಲಿ ವಿಷಾನಿಲ ಹಾಕಿ ಸಾವಿರಾರು ಕುರ್ದ್ ಮುಸ್ಲಿಮರನ್ನು ಕೊಂದಿದ್ದರು. ಅದು ನಮ್ಮಲ್ಲಿ ಬಹುತೇಕರಿಗೆ ತಿಳಿದಿರಲಿಲ್ಲ, ತಿಳಿದವರು ಮಾತನಾಡುತ್ತಿರಲಿಲ್ಲ. ಅಮೆರಿಕದ ಎದುರು ನಿಂತರು ಎಂಬ ಒಂದೇ ಕಾರಣಕ್ಕೆ ಅವರು ನಮ್ಮವರಾದರು. ನಮ್ಮ ಬೀದಿಯ ಚಹಾದಂಗಡಿಯಲ್ಲಿ ಅವರ ಚಿತ್ರ ಬಂದು ನೇತಾಡಿತು. ಆ ವರ್ಷ ಹುಟ್ಟಿದ ಎಷ್ಟೋ ಮಕ್ಕಳಿಗೆ ಸದ್ದಾಂ ಹುಸೇನ್ ಎಂಬ ಹೆಸರಾಯಿತು. ಅವರಲ್ಲೊಬ್ಬರ ಮಗ ಈಗ ನನ್ನ ತರಗತಿಯಲ್ಲಿದ್ದಾನೆ.

ಅದೇ ಬೀದಿಯಲ್ಲಿ ನಾವು ಕುವೈತ್ ಕಾಕ ಎಂದು ಕರೆಯುತ್ತಿದ್ದ ಹಿರಿಯರೊಬ್ಬರಿದ್ದರು. ಆ ವರ್ಷ ಕುವೈತಿನಿಂದ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾದ ವಿಮಾನಗಳಲ್ಲಿ ಮರಳಿದ ಒಂದೂ ಮುಕ್ಕಾಲು ಲಕ್ಷದಷ್ಟು ಭಾರತೀಯರಲ್ಲಿ ಅವರೂ ಒಬ್ಬರು. ನಮ್ಮ ಕರಾವಳಿಯ ಊರೂರಿನಲ್ಲಿಯೂ ಅಂತಹವರಿದ್ದರು. ಹದಿನಾಲ್ಕು ವರ್ಷಗಳ ದುಡಿಮೆಯನ್ನು ಅಲ್ಲಿಯೇ ಬಿಟ್ಟು, ಒಂದು ಕೈಚೀಲದೊಂದಿಗೆ ಬಂದಿಳಿದಿದ್ದರು. ಅವರ ಗತಿಗೆ ಕಾರಣನಾದವನ ಚಿತ್ರ ಅಂಗಡಿಯಲ್ಲಿ ನೇತಾಡುತ್ತಿದ್ದುದರಿಂದ ಅವರು ಆ ಅಂಗಡಿಗೆ ಹೋಗುವುದನ್ನು ಬಿಟ್ಟರು. ಯಾರೂ ಅವರನ್ನು ಏಕೆಂದು ಕೇಳಲಿಲ್ಲ. ಕುವೈತಿನವರ ಉಪ್ಪು ತಿಂದವರು, ಹಾಗಾಗಿ ಅಮೆರಿಕದ ಪಕ್ಷ ಎಂದು ಹಿಂದಿನಿಂದ ಆಡಿಕೊಂಡದ್ದನ್ನು ನಾನೇ ಕೇಳಿದ್ದೇನೆ.

ವಿಶ್ವಸಂಸ್ಥೆ ಜಿನೀವಾದಲ್ಲಿ ಪರಿಹಾರ ಆಯೋಗವೊಂದನ್ನು ಸ್ಥಾಪಿಸಿ, ಇರಾಕಿನ ಎಣ್ಣೆಯ ಆದಾಯದ ಒಂದು ಪಾಲನ್ನು ಕಡಿದುಕೊಂಡು, ಆ ಆಕ್ರಮಣದಿಂದ ನಷ್ಟಪಟ್ಟವರಿಗೆ ಹಂಚಿತು. 1990ರ ದಶಕದ ಕೊನೆಗೆ ಕಾಕನಿಗೂ ಸ್ವಲ್ಪ ಹಣ ಬಂತು. ಆ ವರ್ಷಗಳಲ್ಲಿ ನಿರ್ಬಂಧದಿಂದ ಇರಾಕಿನ ಆಸ್ಪತ್ರೆಗಳಲ್ಲಿ ಮದ್ದಿಗೂ ತತ್ವಾರವಿತ್ತು. ಇರಾಕ್ ಆ ಸಾಲವನ್ನು ತೀರಿಸುತ್ತಲೇ ಇತ್ತು. ಒಟ್ಟು 5,240 ಕೋಟಿ ಡಾಲರುಗಳ ಕೊನೆಯ ಕಂತು ಸಂದದ್ದು 2022ರಲ್ಲಿ. ಅಷ್ಟರಲ್ಲಿ ಅದನ್ನು ಮಾಡಿದ ಸದ್ದಾಂ ಗಲ್ಲಿಗೇರಿ ಹದಿನೈದು ವರ್ಷಗಳಾಗಿದ್ದವು.

2003ರ ಮಾರ್ಚ್‌ನಲ್ಲಿ ಬಾಗ್ದಾದಿನ ಮೇಲೆ ಬಾಂಬು ಬೀಳತೊಡಗಿದ ವಾರ, ಅಷ್ಟು ವರ್ಷಗಳ ಬಳಿಕ ಕಾಕ ಆ ಚಹಾದಂಗಡಿಗೆ ಬಂದು ಕುಳಿತರು. ರಜೆಯಲ್ಲಿ ಊರಿಗೆ ಬಂದಿದ್ದ ನಾನೂ ಅಲ್ಲಿದ್ದೆ. ಚಿತ್ರ ಯಾವಾಗಲೋ ಮಾಸಿ ಗೋಡೆಯಿಂದ ಹೋಗಿತ್ತು. ಪತ್ರಿಕೆಯಲ್ಲಿ ಕೈ ಸುಟ್ಟ ಮಗುವೊಂದರ ಚಿತ್ರವಿತ್ತು. ಅಂಗಡಿಯವರು ಸ್ವಲ್ಪ ಅಳುಕಿನಿಂದಲೇ, “ಕಾಕ, ಈಗ ನಿಮಗೆ ಸಮಾಧಾನವಾಗಿರಬೇಕು” ಎಂದರು.

ಅವರು ಪತ್ರಿಕೆಯನ್ನು ಮಡಚಿ ಮೇಜಿನ ಮೇಲಿಟ್ಟರು. “ಸದ್ದಾಂ ನನಗೆ ಮಾಡಿದ ನಷ್ಟಕ್ಕೆ ಈ ಮಗುವಿನ ಅಪ್ಪನ ಎಣ್ಣೆಯಿಂದ ನನಗೆ ದುಡ್ಡು ಬಂದಿದೆ ಮಾರಾಯಾ. ನಾನು ಅರ್ಜಿ ತುಂಬಿಸಿದ್ದೆ, ಮೂರು ಪ್ರತಿ, ಪಾಸ್‌ಪೋರ್ಟಿನ ಜೆರಾಕ್ಸ್ ಎಲ್ಲ ಇಟ್ಟು. ಇನ್ನು ಇವನ ಅರ್ಜಿ ತೆಗೆದುಕೊಳ್ಳುವ ಕಚೇರಿ ಎಲ್ಲಿದೆ, ಹೇಳು?”

ಅಂಗಡಿಯವರು ಮಾತನಾಡಲಿಲ್ಲ. ಅಸ್ರ್‌ನ ಬಾಂಗ್ ಕೇಳಿಸಿತು. ಕಾಕ ಚಹಾದ ದುಡ್ಡನ್ನು ಗ್ಲಾಸಿನ ಪಕ್ಕದಲ್ಲಿಟ್ಟು ಮಸೀದಿಯ ಕಡೆ ನಡೆದರು.